ಎಂಟು ವರ್ಷದ ಮನೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಗೃಹಸ್ಥನು ಕನ್ನಡ ನಾಡಿನಲ್ಲಿ ಇರಲಾರನು. ಮದುವೆಯು ಎಷ್ಟೇ ಕಷ್ಟದ್ದಾದರೂ ನಾಲ್ಕು ದಿವಸಗಳಲ್ಲಿ ಮುಗಿದುಹೋಗುವುದು. ಮನೆಯನ್ನು ಎಷ್ಟು ದಿವಸಗಳಲ್ಲಿ ಕಟ್ಟಿ ನೋಡಬೇಕೆಂಬುದನ್ನು ಮಾತ್ರ ಗಾದೆ ಮಾಡಿದ ಹಿರಿಯರು ಹೇಳಿಲ್ಲ. ಅವರ ಆ ಮೌನದ ಪ್ರಯೋಜನವನ್ನು ಪಡೆದುಕೊಂಡು, ಒಂದು ಕೋಣೆ ಮತ್ತು ಒಂದು ಪಡಸಾಲೆ ಇಷ್ಟನ್ನೇ ಕಟ್ಟುವುದರಲ್ಲಿ ನಾವು ಎಂಟು ವರ್ಷಗಳನ್ನು ಕಳೆದೆವು. ಇದನ್ನು ಕೇಳಿ ನಗುವವರು ನಗಲಿ. ನಕ್ಕು ಮುಗಿದ ಮೇಲೆ, ನಾವು ಕಲಿತ ಒಂದೆರಡು ಮಾತುಗಳನ್ನು ಕೇಳುವಷ್ಟು ಸಮಾಧಾನವು ವಾಚಕರಿಗೆ ಇದ್ದರೆ ಸಾಕು.

ನಾನು ಬೀದರ ನಗರದಲ್ಲಿ ಶಾಲಾಮಾಸ್ತರನು. ಇರುವುದು ಬಾಡಿಗೆಯ ಮನೆಯಲ್ಲಿ. ನಮ್ಮ ಹಿರಿಯರ ಮನೆಯು ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿತ್ತು. ಇವೆರಡೂ ಅಲ್ಲದೆ, ಔರಾದ ತಾಲ್ಲೂಕಿನಲ್ಲಿ ಅವ್ವನಿಗೆ ತವರಿನಿಂದ ಬಂದ ಮೂರು ಎಕರೆ ಕರಿಯ ಹೊಲವುಂಟು. ಮಳೆಗಾಲದಲ್ಲಿ ಹೆಸರು, ಉದ್ದು, ತೊಗರಿ, ಹಿಂಗಾರಿಗೆ ಜೋಳ, ಹೀಗೆ ಹೊಲವು ನಡೆಯುವುದು. ಮನೆಯನ್ನು ಕಟ್ಟಿದ್ದು ಈ ಹೊಲದಲ್ಲಿಯೇ. ಊರು ಬಿಟ್ಟು ಹೊಲದಲ್ಲಿ ಏಕೆ ಕಟ್ಟಿದಿರಿ ಎಂದು ಕೇಳುವವರಿಗೆ, ಮೊದಲು ಒಂದು ರಾತ್ರಿಯ ಸಂಗತಿಯನ್ನು ಹೇಳಬೇಕು.

1993ನೆಯ ಇಸವಿಯ ಸೆಪ್ಟೆಂಬರ 30ರ ನಸುಕು. ಗಣಪತಿಯನ್ನು ಕಳುಹಿಸಿ ಬಂದ ಜನರು ದಣಿದು ಮಲಗಿದ್ದರು. ಸುಮಾರು ನಾಲ್ಕು ಗಂಟೆಯ ಹೊತ್ತಿಗೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿಯು ನಡುಗಿತು. ಭಾಲ್ಕಿಯ ನಮ್ಮ ಮನೆಯಲ್ಲಿ ನೆಲವಿನ ಮೇಲಿನ ಗಡಿಗೆಗಳು ಬಿದ್ದವು. ಮಾಳಿಗೆಯಿಂದ ಮಣ್ಣು ಸುರಿಯಿತು. ಒಂದು ಗೋಡೆಯು ಬಾಯಿ ಬಿಟ್ಟಿತು. ನಾನಾಗ ಹದಿನಾಲ್ಕು ವರ್ಷದ ಹುಡುಗನು. ಅಪ್ಪನು ನಮ್ಮನ್ನೆಲ್ಲ ಅಂಗಳಕ್ಕೆ ಎಳೆದು ತಂದನು, ನಾವು ಉಳಿದೆವು. ಆದರೆ ಅವ್ವನ ತಂಗಿಯನ್ನು ಉಮರ್ಗಾ ಸೀಮೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಆಕೆಯೂ ಆಕೆಯ ಎರಡು ಮಕ್ಕಳೂ ಮಾಳಿಗೆಯ ಕೆಳಗೆ ಹೋದರು. ಆ ಒಂದು ನಸುಕಿನಲ್ಲಿ ಸತ್ತವರು ಹತ್ತಿರ ಹತ್ತಿರ 10,000 ಮಂದಿ. ಭೂಕಂಪದ ಪ್ರಮಾಣವು 6.2ರ ಆಸುಪಾಸಿನದು, ಲೋಕದಲ್ಲಿ ಇದಕ್ಕಿಂತ ದೊಡ್ಡವು ಎಷ್ಟೋ ಆಗಿವೆ. ಅಷ್ಟು ಮಂದಿಯನ್ನು ಕೊಂದದ್ದು ಭೂಮಿಗಿಂತ ಹೆಚ್ಚಾಗಿ ಅವರವರ ಮನೆಗಳೇ.

ಅಂದಿನಿಂದ ಅವ್ವನು ಮಾಳಿಗೆಯ ಕೆಳಗೆ ಮಲಗಲಿಲ್ಲ. ಬೇಸಿಗೆಯಲ್ಲಿ ಅಂಗಳ, ಮಳೆಗಾಲದಲ್ಲಿ ದನದ ಕೊಟ್ಟಿಗೆಯ ತಗಡಿನ ಕೆಳಗೆ. ಅಪ್ಪನು ತೀರಿಕೊಂಡ ಮೇಲೆ ಆಕೆಯನ್ನು ಬೀದರಿಗೆ ಕರೆತಂದೆವು. ಅಲ್ಲಿಯ ಸಿಮೆಂಟಿನ ಚಾವಣಿಯನ್ನು ನೋಡಿ, “ತಲಿ ಮ್ಯಾಲ ಭಾಳ ವಜ್ಜಿ ಅದ, ತಮ್ಮಾ” ಎಂದು ಹೇಳಿ, ಎಂಟನೆಯ ದಿವಸಕ್ಕೆ ಔರಾದದ ಹೊಲದ ಗುಡಿಸಲಿಗೆ ಹೊರಟುಹೋದಳು. ಎಪ್ಪತ್ತು ಸಮೀಪಿಸಿದ ಮುದುಕಿಯು ಗುಡಿಸಲಿನಲ್ಲಿ ಎಷ್ಟು ಮಳೆಗಾಲ ಕಳೆಯಬಲ್ಲಳು? ಆಕೆಯು ನಿರ್ಭಯವಾಗಿ ಮಲಗುವಂಥ ಒಂದು ಮನೆಯನ್ನು ಆಕೆಯ ಹೊಲದಲ್ಲಿಯೇ ಕಟ್ಟಬೇಕೆಂದು ನಾನೂ ನನ್ನ ಹೆಂಡತಿಯೂ ನಿಶ್ಚಯಿಸಿದೆವು. ಸಾಲ ಮಾಡುವುದಿಲ್ಲವೆಂಬುದು ಅವಳ ಕರಾರು. ವರ್ಷದ ಸಂಬಳದಲ್ಲಿ ಉಳಿದದ್ದು, ರಾಶಿಯಲ್ಲಿ ಮಿಕ್ಕಿದ್ದು, ಇಷ್ಟನ್ನೇ ಆ ವರ್ಷ ಮನೆಗೆ ಹಾಕತಕ್ಕದ್ದು. ಲೆಕ್ಕಕ್ಕಾಗಿ ಅವಳು ಒಂದು ವಹಿಯನ್ನು ತೆರೆದಳು.

2015ರ ಬೇಸಿಗೆಯಲ್ಲಿ ಪಾಯ ತೋಡಿದೆವು. ಸಣ್ಣ ಮನೆಗೆ ಸಣ್ಣ ಪಾಯ ಸಾಕೆಂದು ಎರಡೇ ಅಡಿ ತೋಡಿಸಿದವನು ನಾನು. ಒಂಬತ್ತು ವರ್ಷದ ನನ್ನ ಮಗಳು ಮೊದಲನೆಯ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿದಳು. ಗೋಡೆಯು ಮೊಣಕಾಲಿನ ಎತ್ತರಕ್ಕೆ ಬರುವಷ್ಟರಲ್ಲಿ ಆ ವರ್ಷದ ಹಣವು ಮುಗಿಯಿತು. ಆಮೇಲೆ ಬಂದ ಬರಗಾಲವನ್ನು ಈ ಭಾಗದವರು ಮರೆಯಲಾರರು. 2016ರ ಬೇಸಿಗೆಯಲ್ಲಿ ನೆರೆಯ ಲಾತೂರಿಗೆ ರೈಲುಗಾಡಿಯಲ್ಲಿ ಕುಡಿಯುವ ನೀರು ಬಂದಿತು. ನಮ್ಮ ಹೊಲದ ಕರಿಯ ಮಣ್ಣು ಅಂಗೈ ಇಳಿಯುವಷ್ಟು ಬಿರುಕುಬಿಟ್ಟಿತು. ಅದೇ ವರ್ಷ ಸೆಪ್ಟೆಂಬರದ ಕೊನೆಯಲ್ಲಿ ಮಳೆಯು ಒಮ್ಮೆಲೇ ಹೊಡೆಯಿತು. ಮಾಂಜ್ರಾ ನದಿಯು ತುಂಬಿ ಹರಿಯಿತು. ಮಳೆ ನಿಂತ ಮೇಲೆ ಹೋಗಿ ನೋಡಿದರೆ, ಗೋಡೆಯ ಒಂದು ಮೂಲೆಯು ಮೇಲಕ್ಕೆದ್ದು, ಮೇಲಿಂದ ಕೆಳಗಿನವರೆಗೆ ಸೀಳಿತ್ತು. ಮಗಳು ಅದರಲ್ಲಿ ಕೈಯಿಟ್ಟು ಆ ಕಡೆಯಿಂದ ಬೆರಳಾಡಿಸಿ ತೋರಿಸಿದಳು.

ಔರಾದದ ವೃದ್ಧ ಗೌಂಡಿಯೊಬ್ಬನನ್ನು ಕರೆತಂದೆವು. ಅವನು ಗೋಡೆಯ ಕಡೆಗೆ ನೋಡಲೇ ಇಲ್ಲ. ಒಂದು ಹಿಡಿ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಅಮುಕಿ ನೋಡಿದನು. “ಮಾಸ್ತರೇ, ಕರಿ ಮಣ್ಣು ಬ್ಯಾಸಿಗ್ಯಾಗ ಬಾಯಿ ಬಿಡ್ತದ, ಮಳಿಗಾಲದಾಗ ಉಬ್ಬತದ. ಅದರ ಮ್ಯಾಲ ಕುಂತ ಗ್ವಾಡಿ ಹೆಂಗ ಸುಮ್ನಿರ್ತದ?” ಎಂದನು. ಈ ಮಣ್ಣಿನಲ್ಲಿರುವ ಜೇಡಿಯು ನೀರು ಕುಡಿದಾಗ ಹಿಗ್ಗಿ, ಒಣಗಿದಾಗ ಕುಗ್ಗುವುದೆಂಬುದು ನಾನು ತರಗತಿಯಲ್ಲಿ ಹತ್ತಾರು ಸಲ ಹೇಳಿಕೊಟ್ಟ ಪಾಠವೇ. ಹೇಳಿಕೊಟ್ಟ ಪಾಠವನ್ನು ನನ್ನ ಸ್ವಂತ ಪಾಯಕ್ಕೆ ಹಚ್ಚಿ ನೋಡುವ ಬುದ್ಧಿಯು ಮಾತ್ರ ನನಗೆ ಹೊಳೆದಿರಲಿಲ್ಲ.

ಗೋಡೆಯನ್ನು ಕೆಡವಿದೆವು. ಒಂದು ವರ್ಷದ ಉಳಿತಾಯವು ಮಣ್ಣುಪಾಲಾಯಿತೆಂದು ನಾನು ಮುಖ ಸಣ್ಣಗೆ ಮಾಡಿಕೊಂಡು ಕುಳಿತಿದ್ದೆನು. ನನ್ನ ಹೆಂಡತಿಯು ವಹಿಯನ್ನು ಮುಚ್ಚಿಟ್ಟು, “ಮೊಣಕಾಲೆತ್ತರ ಇದ್ದಾಗ ಬಿತ್ತಲ್ರೀ, ಅದಕ್ಕ ಸಂತೋಷ ಪಡ್ರಿ” ಎಂದಳು. ಅವಳ ಮಾತು ನಿಜ. ಕೈಯಲ್ಲಿ ಹಣವಿದ್ದು ಒಂದೇ ಬೇಸಿಗೆಯಲ್ಲಿ ಮನೆಯನ್ನು ಮುಗಿಸಿದ್ದರೆ, ಆ ಸೀಳು ಅವ್ವನ ತಲೆಯ ಮೇಲೆ ಬಿಡುತ್ತಿತ್ತು.

2017ರಲ್ಲಿ ಕರಿಯ ಮಣ್ಣು ಮುಗಿದು ಗಟ್ಟಿ ಮುರುಮು ಸಿಕ್ಕುವವರೆಗೆ, ಐದೂವರೆ ಅಡಿ ತೋಡಿ, ಹೊಸದಾಗಿ ಪಾಯ ಹಾಕಿದೆವು. ಪಾಯದ ಎರಡು ಮಗ್ಗುಲಿಗೂ ಕರಿಯ ಮಣ್ಣು ತಾಗದಂತೆ ಮುರುಮನ್ನೇ ತುಂಬಿಸಿದನು ಗೌಂಡಿ. ಆ ವರ್ಷದ ಹಣವೆಲ್ಲವೂ ನೆಲದೊಳಗೆ ಹೋಯಿತು. ಹಾದಿಹೋಕರಿಗೆ ಕಾಣುವಂತೆ ಒಂದು ಕಲ್ಲೂ ಏಳಲಿಲ್ಲ.

ಗೋಡೆಗೆ ಕಲ್ಲು ಬೀದರಿನದು. ಭಾಲ್ಕಿ, ಔರಾದಗಳ ಕಡೆಗೆ ನೆಲದಡಿಯಲ್ಲಿ ಸಿಕ್ಕುವುದು ಕರಿಯ ಕಲ್ಲು. ಅದು ಉಳಿಗೆ ಸುಲಭವಾಗಿ ಬಗ್ಗದು. ಬೀದರು ನಿಂತಿರುವ ದಿಣ್ಣೆಯಾದರೋ ಕೆಂಪು ಜಂಬಿಟ್ಟಿಗೆಯದು. ನೆಲದಲ್ಲಿರುವಾಗ ಇದು ಮೆದು. ಕಡಿದು ಗಾಳಿಗೆ ಇಟ್ಟ ಹಾಗೆಲ್ಲ ಗಟ್ಟಿಯಾಗುವುದು. ಬುಕಾನನ್ ಎಂಬ ಪಾಶ್ಚಾತ್ಯ ಪಂಡಿತನು ಮಲಬಾರದಲ್ಲಿ ಇಂಥದೇ ಕಲ್ಲನ್ನು ಜನರು ಕಡಿಯುವುದನ್ನು ಕಂಡು, 1807ರಲ್ಲಿ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಲ್ಯಾಟರೈಟ್ ಎಂದು ಅದಕ್ಕೆ ಹೆಸರಿಟ್ಟನು. ಬಹಮನಿ ಅರಸರ ಕೋಟೆಯನ್ನು ಸುತ್ತಿರುವ ಮೂರು ಸಾಲಿನ ಕಂದಕವನ್ನು ಕಡಿದಿರುವುದೂ ಇದೇ ಬಂಡೆಯಲ್ಲಿ. 2018ರಲ್ಲಿ ಬೀದರಿನ ಹಳೆಯ ಓಣಿಯೊಂದರಲ್ಲಿ ಮನೆ ಕೆಡವುತ್ತಿದ್ದವರಿಂದ ಹಳೆಯ ಕೆಂಪುಕಲ್ಲುಗಳನ್ನು ಅಗ್ಗದಲ್ಲಿ ಕೊಂಡೆನು. ಅಲ್ಲಿಂದ ಔರಾದವು ಸುಮಾರು 40 ಕಿಲೋಮೀಟರು. ಶಾಲೆಗೆ ರಜೆಯಿದ್ದ ದಿವಸಗಳಲ್ಲಿ, ಒಂದೊಂದೇ ಟ್ರಾಕ್ಟರು ತುಂಬಿಸಿ, ಅದರ ಹಿಂದೆ ನಾನು ನನ್ನ ಬೈಕಿನ ಮೇಲೆ ಹೋಗುತ್ತಿದ್ದೆನು.

ಗೋಡೆ ಕಟ್ಟುವಾಗ ಕಿಲ್ಲಾರಿಯ ಪಾಠವನ್ನು ನೆನಪಿನಲ್ಲಿಟ್ಟುಕೊಂಡೆವು. ಆ ಸೀಮೆಯ ಗೋಡೆಗಳು ಎರಡು ಅಡಿಗಿಂತಲೂ ದಪ್ಪವಿದ್ದವು. ಆದರೆ ಒಳಗೊಂದು ಮುಖ, ಹೊರಗೊಂದು ಮುಖ ಕಟ್ಟಿ, ನಡುವೆ ಚೂರುಕಲ್ಲು ಮತ್ತು ಮಣ್ಣನ್ನು ತುಂಬಿದವು. ಎರಡನ್ನೂ ಹಿಡಿದಿಡುವ ಕಲ್ಲು ಇರಲಿಲ್ಲವಾಗಿ, ನೆಲವು ಅಲುಗಿದೊಡನೆ ಎರಡು ಮುಖಗಳೂ ಬೇರೆಯಾಗಿ ಕುಸಿದವು. ನಮ್ಮ ಗೌಂಡಿಯು ಎರಡೆರಡು ಅಡಿಗೆ ಒಂದರಂತೆ, ಗೋಡೆಯ ಈ ಮುಖದಿಂದ ಆ ಮುಖದವರೆಗೆ ಹಾಯುವ ಉದ್ದನೆಯ ಕಲ್ಲನ್ನು ಇಟ್ಟನು. ಬಾಗಿಲಿನ ಮೇಲಿನ ಮಟ್ಟದಲ್ಲಿ, ಮನೆಯ ಸುತ್ತಲೂ ಎಲ್ಲಿಯೂ ಕಡಿಯದಂತೆ, ಕಬ್ಬಿಣದ ಸರಳಿನ ಸಿಮೆಂಟು ಪಟ್ಟಿಯನ್ನು ಹಾಯಿಸಿದೆವು. ಪೆಟ್ಟಿಗೆಗೆ ಹಗ್ಗ ಬಿಗಿದಂತೆ ಅದು ನಾಲ್ಕು ಗೋಡೆಗಳನ್ನೂ ಕೂಡಿಸಿ ಹಿಡಿಯುವುದು.

2019ರಲ್ಲಿ ಅಕ್ಕನ ಮಗಳ ಮದುವೆ; ವಹಿಯಲ್ಲಿ ಮನೆಯ ಪುಟವು ಖಾಲಿಯೇ ಉಳಿಯಿತು. 2020ರಲ್ಲಿ ಸಾಂಕ್ರಾಮಿಕ ರೋಗದಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಚಾವಣಿಯಿಲ್ಲದ ನಮ್ಮ ಕೋಣೆಯೊಳಗೆ ಹುಲ್ಲು ಬೆಳೆದು, ನೆರೆಯವರ ಆಡುಗಳು ಮೇಯ್ದವು. 2021ರಲ್ಲಿ ಬಾಗಿಲಿಗಾಗಿ ಭಾಲ್ಕಿಯ ಹಳೆಯ ಮನೆಗೆ ಹೋದೆವು. ಪಾಳುಬಿದ್ದ ಆ ಮನೆಯಲ್ಲಿ ಅಜ್ಜನು ಮಾಡಿಸಿದ ಸಾಗವಾನಿಯ ತಲೆಬಾಗಿಲು ಗಟ್ಟಿಯಾಗಿತ್ತು. ಅದನ್ನು ಬಿಡಿಸಬೇಕಾದರೆ ಮೊದಲು ಮೇಲಿನ ಮಾಳಿಗೆಯನ್ನು ಇಳಿಸಬೇಕು.

ಮಾಳಿಗೆಯನ್ನು ಅಗೆಯುತ್ತ ಹೋದಂತೆ ನಾನು ಸ್ತಬ್ಧನಾದೆನು. ತೊಲೆ, ಜಂತಿಗಳ ಮೇಲೆ ಮಣ್ಣು ಒಂದು ಮುಕ್ಕಾಲು ಅಡಿ ದಪ್ಪವಿತ್ತು. ಅದೂ ಒಂದೇ ಸಲ ಹಾಕಿದ್ದಲ್ಲ. ಪುಸ್ತಕದ ಹಾಳೆಗಳಂತೆ ಪದರು ಪದರಾಗಿ ಕಾಣುತ್ತಿತ್ತು. ಮೃಗಶಿರಾ ಮಳೆಗೆ ಮುಂಚೆ, ಸೋರಬಾರದೆಂದು, ವರ್ಷಕ್ಕೊಂದು ಪದರು. ಅಜ್ಜನು ಹಾಕಿದ್ದು ಕೆಳಗೆ, ಅಪ್ಪನು ಹಾಕಿದ್ದು ಮೇಲೆ. ಎಲ್ಲಕ್ಕೂ ಮೇಲಿನ ಪದರಿಗೆ ಸವಳು ಮಣ್ಣಿನ ಬುಟ್ಟಿ ಹೊತ್ತವನು ನಾನೇ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ ಎಂದು ಆ ಮಾಳಿಗೆಯನ್ನು ನಾವು ಹೊಗಳಿದ್ದೆಷ್ಟು! ಆದರೆ ಹಾಕಿದವರೆಲ್ಲರೂ ಹಾಕಿದರೇ ಹೊರತು, ಹಳೆಯದನ್ನು ಒಂದು ಬುಟ್ಟಿಯಷ್ಟಾದರೂ ತೆಗೆದವರಿಲ್ಲ. ಕಿಲ್ಲಾರಿಯ ಸುತ್ತಲಿನ ಮಾಳಿಗೆಗಳೂ ಹೀಗೆಯೇ ವರ್ಷದಿಂದ ವರ್ಷಕ್ಕೆ ಭಾರವಾಗಿದ್ದವು. ನನ್ನ ಚಿಕ್ಕವ್ವನ ಮೇಲೆ ಬಿದ್ದದ್ದು ಇದೇ.

ನಿಧಾನವಾಗಿ ಕಟ್ಟುವುದೇ ಒಂದು ಗುಣವೆಂದು ಅಲ್ಲಿಯವರೆಗೆ ನಾನು ಒಳಗೊಳಗೆ ಬೀಗುತ್ತಿದ್ದೆನು. ಆ ಮಾಳಿಗೆಯ ಮಣ್ಣು ನನ್ನ ಹೆಮ್ಮೆಯನ್ನು ಇಳಿಸಿತು. ಅದಕ್ಕಿಂತ ನಿಧಾನವಾಗಿ ಕಟ್ಟಿದ್ದು ಯಾವುದಿದೆ? ಮೂರು ತಲೆಮಾರುಗಳ ಕೆಲಸವದು. ವರ್ಷಕ್ಕಿಷ್ಟು ಕೂಡಿಸುತ್ತ ಹೋಗುವುದರಿಂದಲೇ ಮನೆಯು ಒಳ್ಳೆಯದಾಗುವುದಿಲ್ಲ. ಈ ವರ್ಷದ್ದನ್ನು ಇಡುವ ಮುಂಚೆ ಕಳೆದ ವರ್ಷದ್ದನ್ನು ನೋಡಬೇಕು; ತಪ್ಪಿದ್ದರೆ ತೆಗೆಯುವ ಮನಸ್ಸಿರಬೇಕು. ಸೀಳಿದ ಗೋಡೆಯನ್ನು ಕೆಡವಿದ ಆ ದಿವಸವೇ ನಮ್ಮ ಎಂಟು ವರ್ಷಗಳಲ್ಲಿ ಅತ್ಯಂತ ಲಾಭದ ದಿವಸವೆಂದು ನನಗೆ ಆಗ ತಿಳಿಯಿತು. ಸಂಸಾರದ ಎಷ್ಟೋ ಸಂಗತಿಗಳಿಗೂ ಈ ಮಾತು ಸಲ್ಲುವುದೆಂದು ಗೃಹಸ್ಥರಾದ ವಾಚಕರಿಗೆ ನಾನು ಹೇಳಬೇಕಾಗಿಲ್ಲ.

2022ರಲ್ಲಿ ಚಾವಣಿ ಏರಿತು: ಕಬ್ಬಿಣದ ಕೊಳವೆಗಳ ಮೇಲೆ ಬೋಲ್ಟಿನಿಂದ ಬಿಗಿದ ತಗಡು, ಬಿಸಿಲಿನ ಝಳಕ್ಕೆ ತಡೆಯಾಗಿ ಅದರ ಕೆಳಗೆ ಬಿದಿರಿನ ತಟ್ಟಿ. ಮಾಳಿಗೆಯ ತಂಪು ಇದಕ್ಕಿಲ್ಲವೆಂಬುದು ನಿಜ; ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಹೊತ್ತು ಬೇವಿನ ಮರದ ಕೆಳಗೇ ಕೂರಬೇಕಾಗುವುದು. 2023ರಲ್ಲಿ ನೆಲಕ್ಕೆ ಪರಸಿ ಹಾಸಿ, ಹಾಲುಕ್ಕಿಸಿದೆವು. ಮೊದಲನೆಯ ಕಲ್ಲಿಗೆ ಕುಂಕುಮ ಹಚ್ಚಿದ ಮಗಳು ಅಷ್ಟರಲ್ಲಿ ಓದಲಿಕ್ಕೆಂದು ಕಲಬುರಗಿಗೆ ಹೊರಡಲು ಸಿದ್ಧಳಾಗಿ ನಿಂತಿದ್ದಳು. ಆಕೆ ಈ ಮನೆಯಲ್ಲಿ ಆಡಿ ಬೆಳೆಯಲಿಲ್ಲ. ನಿಧಾನಕ್ಕೆ ನಾವು ತೆತ್ತ ಬೆಲೆಯಿದು. ಇದನ್ನು ಮರೆಮಾಚಿದರೆ ನನ್ನ ಲೆಕ್ಕವು ಸುಳ್ಳಾದೀತು.

ಇಷ್ಟೆಲ್ಲ ಮಾಡಿದ್ದು ಯಾರಿಗಾಗಿಯೋ ಆಕೆಯು ಮೊದಲನೆಯ ತಿಂಗಳು ಒಳಗೆ ಮಲಗಲೇ ಇಲ್ಲ. ಹೊರಸನ್ನು ಪಡಸಾಲೆಯಲ್ಲಿ ಹಾಕಿಸಿಕೊಂಡಳು. ನಾವೂ ಒತ್ತಾಯ ಮಾಡಲಿಲ್ಲ. ಶ್ರಾವಣದ ಒಂದು ರಾತ್ರಿ ಗಾಳಿ ಮಳೆ ಜೋರಾಗಿ, ಎರಚಲು ಪಡಸಾಲೆಯನ್ನು ತೋಯಿಸಿತು. ಹೊರಸನ್ನು ಎಳೆಯುವ ಸಪ್ಪಳವಾಗಿ ನನಗೆ ಎಚ್ಚರವಾಯಿತು. ಕತ್ತಲೆಯಲ್ಲಿ ಸುಮ್ಮನೆ ಮಲಗಿ ಕೇಳಿದೆನು. ಹೊರಸು ಅಜ್ಜನ ಬಾಗಿಲಿನ ಹೊಸ್ತಿಲನ್ನು ದಾಟಿ ಒಳಗೆ ಬಂದಿತು. ಬಾಗಿಲನ್ನು ಮಾತ್ರ ಆಕೆಯು ಮುಚ್ಚಲಿಲ್ಲ; ಇಂದಿಗೂ ಮುಚ್ಚಗೊಡುವುದಿಲ್ಲ.

ಬೆಳಗ್ಗೆ ಚಹಾ ಕೊಡುತ್ತ ನನ್ನ ಹೆಂಡತಿಯು, “ತಗಡಿನ ಸಪ್ಪಳಕ್ಕ ನಿದ್ದಿ ಬಂದಿಲ್ಲೇನೋ, ಅತ್ತೀ?” ಎಂದು ಕೇಳಿದಳು. ಅವ್ವನು ಮೇಲೆ ನೋಡಿದಳು. “ಸಪ್ಪಳಾದ್ರ ಆಗ್ಲಿ. ಹಗುರ ಅದ ಅಂತ ತಿಳೀತದ” ಎಂದಳು.

ನಮ್ಮ ಹಿರಿಯರು ಮೃಗಶಿರೆಗೆ ಮುಂಚೆ ಮಾಳಿಗೆಯ ಮೇಲೆ ಮಣ್ಣು ಹಾಕುತ್ತಿದ್ದರು. ನಾವೂ ಅದೇ ದಿವಸಗಳಲ್ಲಿ ಏಣಿ ಹಚ್ಚಿ ಮೇಲೇರುತ್ತೇವೆ. ಬೇವಿನ ಎಲೆಗಳನ್ನು ಗುಡಿಸಿ, ಸಡಿಲಾದ ಬೋಲ್ಟುಗಳನ್ನು ಬಿಗಿದು, ಏನನ್ನೂ ಅಲ್ಲಿ ಬಿಡದೆ ಕೆಳಗಿಳಿಯುತ್ತೇವೆ.