ನೋಕಿಯಾ ಮುಳುಗಿದ್ದು ಯಾರಿಂದ?

ನನ್ನ ಮೇಜಿನ ಡ್ರಾಯರಿನಲ್ಲಿ ಹಳೆಯದೊಂದು ನೋಕಿಯಾ 1100 ಇಂದಿಗೂ ಇದೆ. 2003ರಲ್ಲಿ ಮಾರುಕಟ್ಟೆಗೆ ಬಂದ ಆ ಪುಟ್ಟ ಫೋನಿನ ನೆತ್ತಿಯಲ್ಲಿ ಟಾರ್ಚ್ ಇತ್ತು. ನಡುರಾತ್ರಿ ರೋಗಿಗಳ ಮನೆಯಿಂದ ಕರೆ ಬಂದಾಗ ಕರೆಂಟಿಲ್ಲದ ಓಣಿಗಳಲ್ಲಿ ನನಗೆ ದಾರಿ ತೋರಿದ್ದು ಅದೇ. ಅಂಥ ಫೋನುಗಳು ಸುಮಾರು 25 ಕೋಟಿ ಮಾರಾಟವಾದವು.

1865ರಲ್ಲಿ ಫಿನ್ಲೆಂಡಿನಲ್ಲಿ ಕಾಗದದ ತಿರುಳಿನ ಗಿರಣಿಯಾಗಿ ಹುಟ್ಟಿದ ಈ ಸಂಸ್ಥೆ, 1998ರ ಹೊತ್ತಿಗೆ ಲೋಕದ ಅತಿ ದೊಡ್ಡ ಮೊಬೈಲ್ ತಯಾರಕನಾಗಿತ್ತು. 2007ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಪ್ರತಿ ಹತ್ತು ಫೋನುಗಳಲ್ಲಿ ಹೆಚ್ಚುಕಡಿಮೆ ನಾಲ್ಕು ಅದರವೇ. 2014ರ ಏಪ್ರಿಲಿನಲ್ಲಿ ಆ ಫೋನ್ ವ್ಯವಹಾರವೇ ಮೈಕ್ರೋಸಾಫ್ಟಿನ ಪಾಲಾಯಿತು. (ನೆಟ್‌ವರ್ಕ್ ಉಪಕರಣಗಳನ್ನು ತಯಾರಿಸುತ್ತ ಸಂಸ್ಥೆ ಉಳಿದುಕೊಂಡಿದೆ, ಅದು ಬೇರೆ ಮಾತು.)

ಅನೇಕರು ಬೆರಳು ತೋರಿಸುವುದು ಸ್ಟೀಫನ್ ಎಲಾಪ್ ಅವರತ್ತ. 2010ರಲ್ಲಿ ಮೈಕ್ರೋಸಾಫ್ಟಿನಿಂದ ಬಂದು ಮುಖ್ಯಸ್ಥರಾದ ಅವರು, 2011ರ ಫೆಬ್ರುವರಿಯಲ್ಲಿ, ಬೆಂಕಿ ಹೊತ್ತಿದ ಸಮುದ್ರದ ತೈಲಸ್ಥಾವರದ ಮೇಲೆ ನಾವು ನಿಂತಿದ್ದೇವೆಂದು ನೌಕರರಿಗೆ ಬರೆದರು. ಹೊಸ ವಿಂಡೋಸ್ ಫೋನ್ ಸಿದ್ಧವಾಗುವ ಮೊದಲೇ ತಮ್ಮ ಸಿಂಬಿಯನ್ ಫೋನುಗಳ ಕಾಲ ಮುಗಿಯಿತೆಂದು ಸಾರಿಬಿಟ್ಟರು. ಅವನ್ನು ಇನ್ನು ಕೊಳ್ಳುವವರಾರು? ಇದು ತಪ್ಪೇ ಸರಿ. ಆದರೆ ಐಫೋನ್ ಬಂದದ್ದು 2007ರಲ್ಲಿ. ಆಗ ಎಲಾಪ್ ಅಲ್ಲಿರಲಿಲ್ಲ.

ಬುದ್ಧಿವಂತರ ಕೊರತೆಯೂ ಇರಲಿಲ್ಲ. ಪರದೆ ಮುಟ್ಟಿ ಬಳಸುವ ಫೋನನ್ನು ನೋಕಿಯಾ 2004ರಲ್ಲೇ ಘೋಷಿಸಿತ್ತು. ಹಾಗಾದರೆ ಎಡವಿದ್ದೆಲ್ಲಿ? ಟಿಮೋ ವುವೊರಿ ಮತ್ತು ಕ್ವಿ ಹುಯ್ ಎಂಬ ವಿದ್ವಾಂಸರು 76 ಮಂದಿಯನ್ನು ಮಾತನಾಡಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನನ್ನು ಬಹುವಾಗಿ ಕಾಡಿತು. ಮೇಲಿನವರಿಗೆ ಪ್ರತಿಸ್ಪರ್ಧಿಗಳ ಭಯ, ಕೆಳಗಿನವರಿಗೆ ಮೇಲಿನವರ ಭಯ. ಸಿಂಬಿಯನ್ ಹಿಂದೆ ಬಿದ್ದಿದೆಯೆಂದು ಬಲ್ಲವರು ಮೌನವಾದರು. ಆಗದ ಕೆಲಸಕ್ಕೂ ಆಗುತ್ತದೆಂದು ತಲೆಯಾಡಿಸಿದರು. ಎಲಾಪ್ ಬರುವ ಮುನ್ನವೇ, ನಿಜ ನುಡಿಯುವವನನ್ನು ಅಂಜುವಂತೆ ಮಾಡಿದ ಹಿರಿಯ ಅಧಿಕಾರಿಗಳ ಮೇಲೆಯೇ ಹೆಚ್ಚಿನ ಹೊಣೆಯನ್ನು ನಾನು ಹೊರಿಸುತ್ತೇನೆ. ಪೆಟ್ಟು ಬಿದ್ದದ್ದು ಮಾತ್ರ ಬೇರೆಯವರಿಗೆ. 2012ರಲ್ಲಿ ಫಿನ್ಲೆಂಡಿನ ಸಾಲೋ ಪಟ್ಟಣದ ಕಾರ್ಖಾನೆಯಲ್ಲಿ ಫೋನ್ ತಯಾರಿಕೆ ನಿಂತಿತು. ಚೆನ್ನೈ ಬಳಿಯ ಶ್ರೀಪೆರಂಬದೂರಿನ ಕಾರ್ಖಾನೆ, ತೆರಿಗೆ ವಿವಾದದಿಂದಾಗಿ ಮಾರಾಟದಿಂದಲೂ ಹೊರಗುಳಿದು, 2014ರ ನವೆಂಬರಿನಲ್ಲಿ ಬಾಗಿಲು ಮುಚ್ಚಿತು.

ಇದನ್ನು ಬರೆಯುವಾಗ ನನಗೆ ನನ್ನದೇ ನೆನಪು. ಹಿಂದೊಮ್ಮೆ ನಾನಿದ್ದ ಧರ್ಮಕೇಂದ್ರದಲ್ಲಿ ಭವನವೊಂದನ್ನು ಕಟ್ಟಿಸಿದೆ. ನಕ್ಷೆಯನ್ನು ಸಮಿತಿಯ ಮುಂದಿಟ್ಟಾಗ ಎಲ್ಲರೂ ಒಪ್ಪಿದರು. ಮೊದಲ ಮಳೆಗಾಲದಲ್ಲೇ ಛಾವಣಿಯ ಮೇಲೆ ನೀರು ನಿಂತು ಒಳಗೆ ಸೋರಿತು. ಸಮಿತಿಯಲ್ಲಿದ್ದ ಹಿರಿಯ ಗಾರೆ ಕೆಲಸಗಾರರೊಬ್ಬರು, ಇಳಿಜಾರು ಸಾಲದೆಂದು ಅಂದೇ ತಮಗೆ ತಿಳಿದಿತ್ತೆಂದರು.

“ಮತ್ತೇಕೆ ಹೇಳಲಿಲ್ಲ?” ಎಂದು ಕೇಳಿದೆ.

“ತಾವು ಕೇಳೋ ಹಂಗೆ ಕಾಣಲಿಲ್ಲ, ಸ್ವಾಮಿ.”

ದುರಸ್ತಿಗೆ ಮನೆಮನೆಯಿಂದ ಚಂದಾ ಎತ್ತಿದೆವು. ಅವರೂ ಕೊಟ್ಟರು.