ಹಳೆ ಕೃಷ್ಣ, ಹೊಸ ಕೃಷ್ಣ ಮತ್ತು ನಾನು ಬರೆದ ಒಂದು ತಪ್ಪು ಪದ

ಹೋದ ವರ್ಷ ನಮ್ಮೂರಲ್ಲಿ ‘ಕುರುಕ್ಷೇತ್ರ’ ನಾಟಕ ಆಯಿತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಎಲ್ಲಿ ಹೋದರೂ ಸುಗ್ಗಿ ಮುಗಿದು ಜಾತ್ರೆ ಶುರುವಾದರೆ ಯಾವುದಾದರೂ ಒಂದೂರಿನ ಗುಡಿ ಮುಂದೆ ಸೀನರಿ ಕಟ್ಟಿರುತ್ತಾರೆ. ರಾತ್ರಿ ಒಂಬತ್ತಕ್ಕೆ ಅಂತ ಕರಪತ್ರದಲ್ಲಿರುತ್ತದೆ, ಪರದೆ ಏಳುವುದು ಹತ್ತೂವರೆಗೆ. ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಡೇರಿಗೆ ಹಾಲು ಹಾಕುವವರು ಎದ್ದಿರುತ್ತಾರೆ.

ನಾನು ಪತ್ರಿಕೆಯೊಂದಕ್ಕೆ ಈ ಭಾಗದ ಸುದ್ದಿ ಕಳಿಸುವವನು. ನಾಟಕದ ಸುದ್ದಿಗೆ ನನಗೆ ಸಿಗುವ ಜಾಗ ಒಂದು ಫೋಟೊ, ಎಂಟು ಸಾಲು. ಆ ಎಂಟು ಸಾಲಲ್ಲಿ ಒಂದು ಪದ ತಪ್ಪು ಬರೆದೆ. ಅಕ್ಷರ ತಪ್ಪಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇದು ಬೇರೆ ತರದ ತಪ್ಪು.

ಕೊನೆಯ ಸಾಲು ಹೀಗಿತ್ತು: ‘ಕೃಷ್ಣನ ಪಾತ್ರಧಾರಿ ತಮ್ಮ ಕಂಚಿನ ಕಂಠದಿಂದ ಹಿಂದಿನ ಕೃಷ್ಣನನ್ನು ಮರೆಸಿದರು.’

ಹೊಸ ಕೃಷ್ಣ ನಮ್ಮಣ್ಣ. ಹಿಂದಿನ ಕೃಷ್ಣ ನಮ್ಮಪ್ಪ.

ಅಪ್ಪ ಇಪ್ಪತ್ತು ವರ್ಷಕ್ಕೂ ಮೇಲೆ ಊರಿನ ಕೃಷ್ಣ. ಗದ್ದಲದ ಗಂಟಲಲ್ಲ ಅವನದು. ಪಾಂಡವರ ಪರ ಸಂಧಾನಕ್ಕೆ ಹೋಗಿ ಐದೇ ಐದು ಊರು ಕೊಡು ಅಂತ ದುರ್ಯೋಧನನನ್ನು ಕೇಳುವ ಸೀನಲ್ಲಿ ಅಪ್ಪ ದನಿ ಇಳಿಸಿಬಿಡುತ್ತಿದ್ದ. ಕಡಲೆಕಾಯಿ ಮಾರುವವನೂ ಪೊಟ್ಟಣ ಕಟ್ಟುವುದು ನಿಲ್ಲಿಸಿ ಕಿವಿ ಕೊಡಬೇಕು, ಹಂಗೆ. ಆಮೇಲೆ ವಯಸ್ಸು, ಬೀಡಿ, ಅಡಿಕೆ ಸುಲಿಯುವ ಮನೆಯ ಧೂಳು ಎಲ್ಲ ಸೇರಿ ಗಂಟಲು ಕೈಕೊಟ್ಟಿತು. ಹಾರ್ಮೋನಿಯಂ ಮೇಷ್ಟ್ರು ಮೊದಲು ಶ್ರುತಿ ಒಂದು ಮನೆ ಇಳಿಸಿದರು, ಮುಂದಿನ ಸಲ ಎರಡು ಮನೆ. ಮೂರನೇ ಸಲ ಅಪ್ಪನೇ ಹೇಳಿದ: “ಸಾಕು ಮೇಷ್ಟ್ರೇ. ದೊಡ್ಡವನ ಕೈಲಿ ಮಾಡ್ಸಿ.”

ಅಣ್ಣನ ಗಂಟಲು ಪೂರಾ ಬೇರೆ. ಮೈಕ್ ಕೆಟ್ಟರೂ ಕೊನೇ ಸಾಲಿಗೆ ಕೇಳಿಸುತ್ತದೆ. ಅದೇ ಸಂಧಾನದ ಸೀನಲ್ಲಿ ಅವನು ಪದ್ಯ ಎತ್ತಿದರೆ ಕೌರವನ ಸಭೆಯ ಪರದೆ ಅಲ್ಲಾಡಿದಂಗೆ ಆಗುತ್ತದೆ. ಜನ ‘ಒನ್ಸ್ ಮೋರ್’ ಕೂಗಿದರು. ನೋಟಿನ ಹಾರ ಬಿತ್ತು. ನಾನು ಆ ಬಿಸಿಯಲ್ಲೇ ಮೊಬೈಲ್ ತೆಗೆದು ಸುದ್ದಿ ಟೈಪ್ ಮಾಡಿದೆ.

ನಮ್ಮ ಮನೆಯಲ್ಲಿ ಗಂಟಲಿನ ಜಗಳ ಹೊಸದಲ್ಲ. ನಾನು ಚಿಕ್ಕವನಿದ್ದಾಗಲೇ ರೇಡಿಯೋ ಮುಂದೆ ಎರಡು ಪಕ್ಷ ಇತ್ತು. ಅಪ್ಪ ಪಿ.ಬಿ. ಶ್ರೀನಿವಾಸ್ ಪಕ್ಷ, ಅಣ್ಣ ರಾಜ್‌ಕುಮಾರ್ ಪಕ್ಷ. ತಮಾಷೆ ಅಂದರೆ ಇಬ್ಬರೂ ನೋಡುತ್ತಿದ್ದುದು ರಾಜ್‌ಕುಮಾರ್ ಸಿನಿಮಾವನ್ನೇ. ಒಂದೇ ಮುಖ, ಎರಡು ಕಂಠ. 1974ಕ್ಕೆ ಮುಂಚಿನ ರಾಜ್‌ಕುಮಾರ್ ಅಪ್ಪನವರು, ಆಮೇಲಿನವರು ಅಣ್ಣನವರು.

ಈಗಿನ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ರಾಜ್‌ಕುಮಾರ್ ಅಂದರೆ ಮುತ್ತುರಾಜ್, ಹುಡುಗನಾಗಿದ್ದಾಗಲೇ ತಂದೆ ಪುಟ್ಟಸ್ವಾಮಯ್ಯನವರ ಜೊತೆ ನಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಬೆಳೆದವರು. ಕಂಪನಿ ನಾಟಕದಲ್ಲಿ ಹಾಡಲು ಬಾರದವನಿಗೆ ದೊಡ್ಡ ಪಾರ್ಟು ಸಿಗುವುದು ಕಷ್ಟ. ಅಂಥವರು 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ಸಿನಿಮಾ ನಾಯಕರಾದ ಮೇಲೆ ಸುಮಾರು ಇಪ್ಪತ್ತು ವರ್ಷ ಬೇರೆಯವರ ದನಿಗೆ ತುಟಿ ಆಡಿಸಿದರು. ‘ಓಹಿಲೇಶ್ವರ’, ‘ಮಹಿಷಾಸುರ ಮರ್ದಿನಿ’ಯಂಥ ಚಿತ್ರಗಳಲ್ಲಿ ಅಲ್ಲೊಂದು ಇಲ್ಲೊಂದು ಹಾಡಿದ್ದು ಬಿಟ್ಟರೆ ಮಿಕ್ಕಿದ್ದೆಲ್ಲ ಹಿನ್ನೆಲೆ ಗಾಯಕರದು.

ಆ ದನಿಗಳಲ್ಲಿ ಮುಖ್ಯವಾದದ್ದು ಪಿಬಿಎಸ್ ಅವರದು. ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ, 1930ರಲ್ಲಿ. ಮನೆಮಾತು ತೆಲುಗು. ಆದರೆ ‘ಭಕ್ತ ಕನಕದಾಸ’ದ ಹಾಡು ಕೇಳಿದವರು ಇವರು ಕನ್ನಡದವರಲ್ಲ ಅಂದರೆ ನಂಬುವುದಿಲ್ಲ. ರಾಜ್‌ಕುಮಾರ್ ಶರೀರವಾದರೆ ಪಿಬಿಎಸ್ ಶಾರೀರ ಅನ್ನುವ ಮಾತೇ ನಾಡಿನಲ್ಲಿ ನಿಂತುಹೋಗಿದೆ.

ಅಪ್ಪ ‘ಬಂಗಾರದ ಮನುಷ್ಯ’ ನೋಡಿದ್ದು ಹದಿನೇಳನೇ ವಯಸ್ಸಿನಲ್ಲಿ, ಟೆಂಟ್‌ನಲ್ಲಿ, ನೆಲದ ಮೇಲೆ ಕೂತು. 1972ರ ಚಿತ್ರ ಅದು. ನಿರ್ದೇಶಕ ಸಿದ್ದಲಿಂಗಯ್ಯ ನಮ್ಮ ಶಿರಾ ತಾಲ್ಲೂಕಿನ ತರೂರಿನವರು. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಅದರ ರಾಜೀವ ಬಂಡೆ ಒಡೆದು ಬೇಸಾಯ ಮಾಡುತ್ತಾನೆ, ಕೊನೆಗೆ ಏನೂ ಬೇಡ ಅಂತ ಊರು ಬಿಟ್ಟು ಹೋಗುತ್ತಾನೆ. ಹಿಂದಿನ ವರ್ಷದ ‘ಕಸ್ತೂರಿ ನಿವಾಸ’ದ ನಾಯಕನೂ ಅಂಥವನೇ. ಇದ್ದದ್ದೆಲ್ಲ ಕಳೆದುಕೊಂಡರೂ ಕೊಡುವ ಕೈ ಹಿಂದೆ ಎಳೆಯದವನು. ಬೊಂಬೆಯ ಆ ಹಾಡನ್ನು ಪಿಬಿಎಸ್ ಒಂದು ಕಡೆಯೂ ಕೂಗಿ ಹೇಳುವುದಿಲ್ಲ. ಅಳುವುದೂ ಇಲ್ಲ. ಪಕ್ಕದಲ್ಲಿ ಕೂತ ಹಿರಿಯರು ಹೆಗಲ ಮೇಲೆ ಕೈಯಿಟ್ಟು ಮಾತಾಡಿದ ಹಾಗೆ ಕೆಳಗಿನ ಸ್ವರದಲ್ಲೇ ಮುಗಿಸುತ್ತಾರೆ. ಮೈಕಿಗೆ ಎಷ್ಟು ಹತ್ತಿರ, ಎಷ್ಟು ಉಸಿರು, ಎಲ್ಲಿ ಬಿಡಬೇಕು ಅನ್ನುವುದು ಗೊತ್ತಿದ್ದ ಗಂಟಲು.

1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಪಿ.ಬಿ. ಧುತ್ತರಗಿಯವರ ನಾಟಕದಿಂದ ಮಾಡಿದ ಸಿನಿಮಾ. ಸಂಗೀತ ಜಿ.ಕೆ. ವೆಂಕಟೇಶ್. ಎಮ್ಮೆ ಮೇಲೆ ಕೂತು ಬರುವ ನಾಯಕನಿಗೆ ‘ಯಾರೇ ಕೂಗಾಡಲಿ’ ಹಾಡನ್ನು ರಾಜ್‌ಕುಮಾರ್ ತಾವೇ ಹಾಡಿದರು. ಜನ ಹುಚ್ಚೆದ್ದರು. ಅದೇ ವರ್ಷ ‘ಎರಡು ಕನಸು’ ಚಿತ್ರವೂ ಬಂತು, ಅದರಲ್ಲಿ ಅದೇ ಮುಖಕ್ಕೆ ಪಿಬಿಎಸ್ ದನಿ. ಅಂದರೆ ಒಂದೇ ವರ್ಷ ಎರಡು ಕಾಲ ಎದುರುಬದುರಾಗಿ ನಿಂತಿದ್ದವು. ಮುಂದೆ ಮಾತ್ರ ರಾಜ್‌ಕುಮಾರ್ ಹಾಡುಗಳೆಲ್ಲ ಹೆಚ್ಚುಕಡಿಮೆ ರಾಜ್‌ಕುಮಾರ್ ಅವರದೇ ಆದವು.

ಎರಡೂ ಕಾಲದ ಹಾಡು ಈಗ ಕೇಳಿದರೆ ಬದಲಾಗಿದ್ದು ಗಂಟಲು ಮಾತ್ರ ಅಲ್ಲ ಅನ್ನಿಸುತ್ತದೆ. ಮೊದಲ ಕಾಲದಲ್ಲಿ ರಾಗ ಮುಂದೆ, ಮಾತು ಅದರೊಳಗೆ ಕರಗಿರುತ್ತದೆ. ಎರಡನೇ ಕಾಲದಲ್ಲಿ ಮಾತು ಮುಂದೆ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಹುರಿದ ಕಡಲೆಯ ಹಾಗೆ. ರಾಜ್‌ಕುಮಾರ್ ಹಾಡಿನೊಳಗೇ ನಗುತ್ತಾರೆ, ಗದರುತ್ತಾರೆ, ರಮಿಸುತ್ತಾರೆ. ಹಾಡಿಗೂ ಡೈಲಾಗಿಗೂ ನಡುವೆ ಗೋಡೆ ಇಲ್ಲ. ಅದು ಗುಬ್ಬಿ ಕಂಪನಿಯ ಉಸಿರು, ಕೊನೇ ಸಾಲಿನವನಿಗೂ ಮುಟ್ಟಬೇಕು ಅಂತ ಕಲಿತದ್ದು. ಅರವತ್ತು ದಾಟಿದ ಮೇಲೆ ‘ಜೀವನ ಚೈತ್ರ’ದಲ್ಲಿ ತೋಡಿ ರಾಗದ ‘ನಾದಮಯ’ ಹಾಡಿ ರಾಷ್ಟ್ರ ಪ್ರಶಸ್ತಿ ಪಡೆದರು, ನಟನೆಗಲ್ಲ, ಹಾಡಿಗೆ.

ಅಣ್ಣ ವಾದ ಮಾಡುತ್ತಿದ್ದ: “ತಂದು ಇಕ್ಕಿದ ದನಿ ಎಷ್ಟಾದ್ರೂ ಎರವಲು ಕಣಪ್ಪ. ಇದು ಅವ್ರದೇ ಮುಖ, ಅವ್ರದೇ ಗಂಟ್ಲು.”

ಅಪ್ಪ ಒಂದೇ ಮಾತು ಹೇಳುತ್ತಿದ್ದ: “ಪಿಬಿಎಸ್ ಹಾಡಿದ್ರೆ ನಾನೂ ಹಾಡ್ಬೋದು ಅನ್ಸುತ್ತೆ. ರಾಜ್‌ಕುಮಾರ್ ಹಾಡಿದ್ರೆ ಸುಮ್ನೆ ಕೇಳ್ಬೇಕು ಅನ್ಸುತ್ತೆ. ನಂಗೆ ಹಾಡೋಕೆ ಇಷ್ಟ.”

ಈ ಇಬ್ಬರೂ ಜಗಳ ಬಿಟ್ಟು ಕೇಳುತ್ತಿದ್ದ ಹಾಡು ಒಂದೇ. 1977ರ ‘ಬಭ್ರುವಾಹನ’ದ್ದು. ಅದರಲ್ಲಿ ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಯುದ್ಧಭೂಮಿಯಲ್ಲಿ ಅಪ್ಪ ಮಗ ಎದುರಾಗಿ ಒಬ್ಬರನ್ನೊಬ್ಬರು ಹಂಗಿಸುವ ಹಾಡಿಗೆ ಸಂಗೀತ ನಿರ್ದೇಶಕ ಟಿ.ಜಿ. ಲಿಂಗಪ್ಪ ಇಬ್ಬರನ್ನೂ ನಿಲ್ಲಿಸಿದರು. ಅಪ್ಪ ಅರ್ಜುನನಿಗೆ ಪಿಬಿಎಸ್ ದನಿ, ಮಗ ಬಭ್ರುವಾಹನನಿಗೆ ರಾಜ್‌ಕುಮಾರ್ ಅವರದೇ ದನಿ. ಹಳೇ ಕಂಠ ಅಪ್ಪನಿಗೆ, ಹೊಸ ಕಂಠ ಮಗನಿಗೆ. ಬೇಕಂತ ಮಾಡಿದರೋ ಏನೋ ನಾನು ಹೇಳಲಾರೆ. ಆದರೆ ಆ ಹಾಡಿನಲ್ಲಿ ಒಂದು ದನಿ ತೆಗೆದರೆ ಇನ್ನೊಂದು ನಿಲ್ಲುವುದಿಲ್ಲ. ಕಥೆ ನಿಮಗೆ ಗೊತ್ತೇ ಇದೆ. ಮಗ ಅಪ್ಪನನ್ನು ಬೀಳಿಸುತ್ತಾನೆ. ಅಪ್ಪ ಮತ್ತೆ ಎದ್ದಾಗಲೇ ಕಥೆ ಮುಗಿಯುವುದು.

2013ರ ಏಪ್ರಿಲ್ 14ಕ್ಕೆ ಪಿಬಿಎಸ್ ಚೆನ್ನೈನಲ್ಲಿ ತೀರಿಕೊಂಡರು. ರಾಜ್‌ಕುಮಾರ್ ಹೋಗಿ ಏಳು ವರ್ಷ ಎರಡು ದಿನವಾಗಿತ್ತು. ಅವತ್ತು ರಾತ್ರಿ ಅಣ್ಣ ತನ್ನ ಮೊಬೈಲಿನಲ್ಲಿ ಪಿಬಿಎಸ್ ಹಾಡು ಹಾಕಿ ಅಪ್ಪನ ಮಂಚದ ಮೇಲಿಟ್ಟು ಹೋದ. ಮಾತಿಲ್ಲ.

ಇಷ್ಟೆಲ್ಲ ನೋಡಿಕೊಂಡು ಬೆಳೆದ ನಾನು ‘ಮರೆಸಿದರು’ ಅಂತ ಬರೆದೆ.

ಅಪ್ಪ ಸುದ್ದಿ ಓದಿದ್ದು ಟೀ ಅಂಗಡಿಯಲ್ಲಿ. ಮನೆಗೆ ಬಂದು ಏನೂ ಕೇಳಲಿಲ್ಲ. ಫೋಟೊ ಚೆನ್ನಾಗಿ ಬಂದಿದೆ ಅಂದ, ಅಷ್ಟೆ. ವಾರ ಕಳೆದ ಮೇಲೆ ಅಮ್ಮ ನನ್ನನ್ನು ಕರೆದು ಹೇಳಿದಳು: “ನಿಮ್ಮಪ್ಪ ಹಾಲು ಕರೀವಾಗ ಹಾಡ್ತಿಲ್ಲ ಕಣೋ.” ನಾಟಕ ಬಿಟ್ಟ ಮೇಲೂ ಅಪ್ಪ ಕೊಟ್ಟಿಗೆಯಲ್ಲಿ ಗುನುಗುವುದು ಬಿಟ್ಟಿರಲಿಲ್ಲ. ಗಂಟಲು ಕಿತ್ತುಕೊಳ್ಳದಿದ್ದನ್ನು ನನ್ನ ಒಂದು ಪದ ಕಿತ್ತುಕೊಂಡಿತ್ತು.

ಅಣ್ಣ ಸುಮ್ಮನಿರಲಿಲ್ಲ. “ಲೋ, ಯಾರನ್ನ ಕೇಳಿ ಬರ್ದೆ ಅದನ್ನ? ಸಂಧಾನದ ಸೀನಲ್ಲಿ ನಾನು ಎಲ್ಲಿ ಉಸ್ರು ತಗಂತೀನಿ ಗೊತ್ತಾ ನಿಂಗೆ? ಅಪ್ಪ ತಗಂತಿದ್ದ ಜಾಗದಲ್ಲೇ. ಮೂರು ತಿಂಗ್ಳು ರಾತ್ರಿ ಹೊತ್ತು ಕೂರಿಸ್ಕಂಡು ಹೇಳ್ಕೊಟ್ಟವ್ನೆ. ಕೂಗ್ಬೇಡ ಅಂತ ಒಂದಿನ ಹೇಳ್ಲಿಲ್ಲ, ನಿನ್ ಗಂಟ್ಲಿಗೆ ಹೆಂಗೆ ಬರುತ್ತೋ ಹಂಗೇ ಹಾಡು ಅಂದ. ನಾನು ಯಾರನ್ನ ಮರೆಸ್ದೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ತಿಂಗಳು ನಾನೂ ಅದೇ ಮನೆಯಲ್ಲಿದ್ದೆ. ಸುದ್ದಿ ಹುಡುಕಿಕೊಂಡು ಬೈಕಿನಲ್ಲಿ ಊರೂರು ಸುತ್ತುತ್ತಿದ್ದೆ.

ಬೆಂಗಳೂರಲ್ಲಿರುವ ನನ್ನ ಡಿಪ್ಲೊಮಾ ಗೆಳೆಯನೊಬ್ಬ ಗಿಟಾರ್ ನುಡಿಸುತ್ತಾನೆ. ಅವನಿಗೆ ಇದನ್ನು ಹೇಳಿದಾಗ ಆಸ್ಟ್ರೇಲಿಯಾದ ‘ಎಸಿ ಡಿಸಿ’ ಅನ್ನುವ ರಾಕ್ ತಂಡದ ಕಥೆ ಹೇಳಿದ. 1980ರ ಫೆಬ್ರುವರಿಯಲ್ಲಿ ಅವರ ಗಾಯಕ ಬಾನ್ ಸ್ಕಾಟ್ ತೀರಿಕೊಂಡ. ಬ್ರಯಾನ್ ಜಾನ್ಸನ್ ಅನ್ನುವವನು ಬಂದ. ಅದೇ ವರ್ಷ ಜುಲೈನಲ್ಲಿ ಹೊಸ ಆಲ್ಬಂ ಬಂತು. ಹೊದಿಕೆ ಪೂರ್ತಿ ಕಪ್ಪು, ಹೋದವನಿಗೆ ಸೂತಕ ಹಿಡಿದ ಹಾಗೆ. ಒಳಗೆ ಮಾತ್ರ ಹೊಸಬನದೇ ಗಂಟಲು. ಯಾರು ಮೇಲು ಅಂತ ಅಲ್ಲಿಯವರು ಇವತ್ತಿಗೂ ಜಗಳ ಆಡುತ್ತಾರಂತೆ. ನಮ್ಮ ಟೀ ಅಂಗಡಿಯ ಹಾಗೇ ಅಂತ ನಗು ಬಂತು. ಆದರೆ ಆ ಕಪ್ಪು ಹೊದಿಕೆ ಮನಸ್ಸಿನಲ್ಲಿ ಉಳಿಯಿತು. ಹೊಸದನ್ನು ಶುರು ಮಾಡುವಾಗ ಹಳೆಯದಕ್ಕೆ ಮೊದಲ ಪುಟ ಕೊಟ್ಟಿದ್ದರು. ನನಗೆ ಎಂಟು ಸಾಲಲ್ಲಿ ಅರ್ಧ ಸಾಲು ಕೊಡಲು ಆಗಿರಲಿಲ್ಲ.

ಕಾರ್ತಿಕ ಸೋಮವಾರ ಮೂವರೂ ಸಿದ್ದರಬೆಟ್ಟ ಹತ್ತಿದೆವು. ಅಮ್ಮನ ಹರಕೆ, ಅವಳಿಗೆ ಮಂಡಿನೋವು, ಹಾಗಾಗಿ ನಾವು. ಗುಹೆಯೊಳಗೆ ಸಿದ್ದೇಶ್ವರನ ಮುಂದೆ ನಿಂತಾಗ ಜನ ಕಡಿಮೆ ಇದ್ದರು. ಅಪ್ಪ ಕೈ ಮುಗಿದುಕೊಂಡೇ ಮೆಲ್ಲಗೆ ಒಂದು ಪದ ಶುರು ಮಾಡಿದ. ಒಡೆದ ಗಂಟಲೇ. ಆದರೆ ಆ ಕಲ್ಲಿನೊಳಗೆ ಅದು ದುಂಡಗಾಗಿ ಸುತ್ತಿ ಬಂತು. ತೀರ್ಥಕ್ಕೆ ಕೈ ಚಾಚಿದ್ದವರು ಹಂಗೇ ನಿಂತರು. ಅಣ್ಣ ಜೊತೆಗೆ ಹಾಡಲು ಬಾಯಿ ತೆರೆದವನು ಮುಚ್ಚಿಕೊಂಡ.

ಆಚೆ ಬಂದು ಬಂಡೆ ಮೇಲೆ ಕೂತೆವು. ಕೆಳಗೆ ತೋಟ, ಕೆರೆ, ಗಾಳಿ ಜೋರು. ಅಪ್ಪ ಅಣ್ಣನಿಗೆ ಹೇಳಿದ: “ಈಗ ನೀನು ಹಾಡು.” ಅಣ್ಣ ಅದೇ ಪದವನ್ನು ಎತ್ತಿದ. ಗಾಳಿಯನ್ನೂ ಮೀರಿ ಹೋಯಿತು. ಮಂಡಕ್ಕಿ ಪೊಟ್ಟಣಕ್ಕೆ ಕಾಯುತ್ತಿದ್ದ ಕೋತಿಗಳು ಬೆಚ್ಚಿ ದೂರ ಹೋದವು.

ಅಪ್ಪ ನಗುತ್ತಾ ನನ್ನ ಕಡೆ ತಿರುಗಿದ. “ಇಲ್ಲಿ ಬಯಲಲ್ಲಿ ನನ್ ಗಂಟ್ಲು ಸಾಲಲ್ಲ. ಅಲ್ಲಿ ಗುಹೆಯೊಳಗೆ ಇವನ್ದು ಜಾಸ್ತಿ ಆಗುತ್ತೆ. ಅಷ್ಟೇ ಕಣ್ಲಾ ವಿಷ್ಯ.”

ಸುದ್ದಿಯ ಬಗ್ಗೆ ಅಪ್ಪ ಆಡಿದ ಮಾತು ಅದೊಂದೇ.

ಈಗ ಕೊಟ್ಟಿಗೆಯಲ್ಲಿ ಮತ್ತೆ ಗುನುಗು ಕೇಳುತ್ತದೆ, ದಿನಾ ಅಲ್ಲ, ಆಗಾಗ. ಯಾರ ಕಾಲ ಮೇಲು ಅಂತ ನನ್ನನ್ನು ಕೇಳಿದರೆ ನಾನು ಈಗ ಯಾವ ಜಾಗದಲ್ಲಿ ಅಂತ ತಿರುಗಿ ಕೇಳುತ್ತೇನೆ. ಬಂಡೆ ಒಡೆದು ಸುಸ್ತಾದ ರಾಜೀವನಿಗೆ ಎಮ್ಮೆ ಮೇಲಿನ ಹಾಡಿನ ಗಂಟಲು ಒಪ್ಪುವುದಿಲ್ಲ. ಎಮ್ಮೆ ಮೇಲೆ ಕೂತವನಿಗೆ ಬೊಂಬೆ ಹಾಡಿನ ಗಂಟಲು ಸಾಲುವುದಿಲ್ಲ.

ನಾಟಕದ ಸುದ್ದಿಗೆ ಯಾವ ಪತ್ರಿಕೆಯೂ ತಿದ್ದುಪಡಿ ಹಾಕುವುದಿಲ್ಲ. ಹಾಗಾಗಿ ಇಲ್ಲಿ ಹಾಕುತ್ತಿದ್ದೇನೆ.

ತಿದ್ದುಪಡಿ: ನಮ್ಮೂರ ಕುರುಕ್ಷೇತ್ರ ನಾಟಕದ ಸುದ್ದಿಯಲ್ಲಿ ‘ಹಿಂದಿನ ಕೃಷ್ಣನನ್ನು ಮರೆಸಿದರು’ ಎಂದಿರುವುದನ್ನು ‘ಹಿಂದಿನ ಕೃಷ್ಣನಿಂದ ಕಲಿತು ಹಾಡಿದರು’ ಎಂದು ಓದಿಕೊಳ್ಳಬೇಕು. ತಪ್ಪು ವರದಿಗಾರನದು.