ಚಂದ್ರನ ಹುಟ್ಟು: ಆಗಿನ ಪಾಠ, ಈಗಿನ ಕಲ್ಲು

ಎಪ್ಪತ್ತರ ದಶಕದ ಕೊನೆಯಲ್ಲಿ ಕಾಪು ಕಡೆ ಹೈಸ್ಕೂಲು ಓದಿದ ನಮಗೆ ಚಂದ್ರ ಹುಟ್ಟಿದ ವಿಚಾರ ಅರ್ಧ ಪಿರಿಯಡ್ಡಿನಲ್ಲಿ ಮುಗಿಯುತ್ತಿತ್ತು. ಭೂಮಿಯಿಂದ ಸಿಡಿದು ಹೋದದ್ದು, ಎಲ್ಲಿಂದಲೋ ಬಂದು ಭೂಮಿಯ ಸೆಳೆತಕ್ಕೆ ಸಿಕ್ಕಿದ್ದು, ಭೂಮಿಯ ಜೊತೆಗೇ ಹುಟ್ಟಿದ್ದು, ಹೀಗೆ ಮೂರು ವಾದ. ಪರೀಕ್ಷೆಗೆ ಯಾವುದಾದರೂ ಒಂದು ಬರೆದರೆ ಸಾಕು. ನಮ್ಮ ಮಾಸ್ಟ್ರಿಗೆ ಮೊದಲನೆಯದರ ಮೇಲೆ ಪ್ರೀತಿ. ಗೋಡೆಯ ಭೂಪಟದಲ್ಲಿ ಪೆಸಿಫಿಕ್ ಸಾಗರದ ಮೇಲೆ ಚಾಕ್ ಹತ್ತಿದ ಅಂಗೈ ಊರಿ, "ನೋಡಿ, ಚಂದ್ರ ಎದ್ದುಹೋದ ಗುಂಡಿ ಇದೇ" ಎನ್ನುತ್ತಿದ್ದರು. ಮಳೆಗಾಲದ ತೇವಕ್ಕೆ ಉಬ್ಬಿದ ಆ ಪಟದಲ್ಲಿ ಬೆಳ್ಳಗಿನ ಐದು ಬೆರಳು ವರ್ಷವಿಡೀ ಇರುತ್ತಿತ್ತು.

ಪಾಠ ಬಹಳ ಹಳೆಯದು. ಅತಿವೇಗದಲ್ಲಿ ತಿರುಗುತ್ತಿದ್ದ ಭೂಮಿಯಿಂದ ತುಂಡೊಂದು ಕಳಚಿತು ಎಂದದ್ದು ಚಾರ್ಲ್ಸ್ ಡಾರ್ವಿನ್ನರ ಮಗ ಜಾರ್ಜ್ ಡಾರ್ವಿನ್, 1879ರ ಸುಮಾರಿಗೆ. ಪೆಸಿಫಿಕ್ಕಿನ ಗುಂಡಿ ಸೇರಿಸಿದ್ದು ಆಸ್ಮಂಡ್ ಫಿಶರ್, 1882ರಲ್ಲಿ. ಆ ಸಾಗರತಳದ ಶಿಲೆಗೆ 20 ಕೋಟಿ ವರ್ಷವೂ ತುಂಬಿಲ್ಲ, ಚಂದ್ರನಿಗೆ ಸುಮಾರು 450 ಕೋಟಿ. ಅಷ್ಟೊಂದು ವೇಗದ ಲೆಕ್ಕವೂ ಕೂಡುವುದಿಲ್ಲ.

ನಾವು ಬಾಯಿಪಾಠ ಮಾಡುವ ಹೊತ್ತಿಗೆ ಅಪೊಲೊ ಯಾತ್ರಿಗಳು 382 ಕಿಲೊ ಕಲ್ಲು-ಮಣ್ಣು ತಂದಾಗಿತ್ತು. ಅದರ ಆಮ್ಲಜನಕದ ಐಸೊಟೋಪುಗಳ ಪ್ರಮಾಣ ಹೆಚ್ಚುಕಡಿಮೆ ಭೂಮಿಯದ್ದೇ. ಹಾಗಾಗಿ ಬೇರೆಲ್ಲೋ ಹುಟ್ಟಿ ಬಂದವನೆನ್ನುವುದು ಕಷ್ಟ. ಚಂದ್ರನಲ್ಲಿ ಕಬ್ಬಿಣ ತೀರ ಕಡಿಮೆ. ಒಟ್ಟಿಗೇ ಹುಟ್ಟಿದವರೆನ್ನುವುದೂ ಕಷ್ಟ. ಎಳೆಯ ಭೂಮಿಗೆ ಇನ್ನೊಂದು ಕಾಯ ಬಡಿದು, ಸಿಡಿದ ಚೂರುಗಳು ಕೂಡಿ ಚಂದ್ರನಾಯಿತೆಂದು 1975ರಲ್ಲಿ ಹಾರ್ಟ್‌ಮನ್ ಮತ್ತು ಡೇವಿಸ್ ಬರೆದರು. 1984ರಲ್ಲಿ ಹವಾಯಿಯ ಕೋನಾದಲ್ಲಿ ವಿಜ್ಞಾನಿಗಳು ಸೇರಿದ ಮೇಲೆ ಇದೇ ಗಟ್ಟಿಯಾಯಿತು. ನಮ್ಮ ಪಕ್ಕದ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಇಸ್ರೊ ಅಧ್ಯಕ್ಷರಾದದ್ದೂ ಅದೇ ವರ್ಷ. ಮಾಸ್ಟ್ರು ಮಾತ್ರ ನಿವೃತ್ತಿಯವರೆಗೂ ಪೆಸಿಫಿಕ್ ಬಿಡಲಿಲ್ಲ.

ಈಗ ಮಣಿಪಾಲದಲ್ಲಿ ಓದುವ ಅಕ್ಕನ ಮೊಮ್ಮಗಳಿಗೆ ಆ ಬಡಿದ ಗ್ರಹದ ಹೆಸರು ಥಿಯಾ ಎಂದೂ ಗೊತ್ತು. "ಅಜ್ಜ, ನಿಮ್ಮ ಮಾಸ್ಟ್ರು ಪೂರ್ತಿ ತಪ್ಪಲ್ಲ ಮಾರಾಯ್ರೆ, ಥಿಯಾದ ಚೂರು ಪೆಸಿಫಿಕ್ಕಿನ ಅಡಿಗೇ ಉಂಟಂತೆ" ಎಂದು ನಗುತ್ತಾಳೆ. ಆಫ್ರಿಕ ಮತ್ತು ಪೆಸಿಫಿಕ್ಕಿನ ಕೆಳಗೆ, 2,900 ಕಿಲೊಮೀಟರಿನಷ್ಟು ಆಳದಲ್ಲಿರುವ ಎರಡು ದೈತ್ಯ ಮುದ್ದೆಗಳು ಥಿಯಾದ ಅವಶೇಷ ಇರಬಹುದೆಂಬ ಪ್ರಬಂಧ 2023ರಲ್ಲಿ ಬಂದದ್ದು ನಿಜ. ನಾನಂತೂ ಅದನ್ನು ಊಹೆಯ ಖಾತೆಗೇ ಹಾಕುತ್ತೇನೆ. ಅಲ್ಲಿಂದ ಯಾರೂ ಕಲ್ಲು ತಂದಿಲ್ಲ.

ಮಣ್ಣು ಪರೀಕ್ಷಿಸಿ ಹೇಳಿದ್ದು ಅದೇ ವರ್ಷ ಆಗಸ್ಟ್ 23ರಂದು ಇಳಿದ ಚಂದ್ರಯಾನ-3. ಅದನ್ನು ಕಟ್ಟಿದ ಬೆಂಗಳೂರಿನ ಕೇಂದ್ರಕ್ಕೆ ಈಗ ರಾವ್ ಅವರದ್ದೇ ಹೆಸರು. ಪ್ರಜ್ಞಾನ್ ರೋವರ್ 103 ಮೀಟರ್ ಸಾಗುತ್ತ 23 ಕಡೆ ಅಳತೆ ಮಾಡಿತು. ಕಂಡದ್ದು ಅನಾರ್ಥೊಸೈಟ್ ಜಾತಿಯ ಮಣ್ಣು, ಅಂದರೆ ಬಹುಪಾಲು ಫೆಲ್ಡ್‌ಸ್ಪಾರ್. ಹೊಸ ಚಂದ್ರ ಶಿಲಾರಸದ ಕಡಲಾಗಿದ್ದಾಗ ಈ ಹಗುರ ಖನಿಜ ಹಾಲಿನ ಕೆನೆಯಂತೆ ಮೇಲೆ ತೇಲಿ ಗಟ್ಟಿಯಾಯಿತೆಂಬ ವಾದಕ್ಕೆ ದಕ್ಷಿಣ ಧ್ರುವದ ಕಡೆಯಿಂದಲೂ ಸಾಕ್ಷಿ ಸಿಕ್ಕಿತು. ಕಾರ್ಕಳದಲ್ಲಿ 1432ರ ಗೊಮ್ಮಟನ ಬೆಟ್ಟ ಹತ್ತುವವರು ಕಾಲಡಿಯ ಬಂಡೆಯಲ್ಲಿ ಬೆಳ್ಳಗಿನ ಕಾಳುಗಳನ್ನು ಹುಡುಕಿ ನೋಡಬಹುದು, ಅದೇ ಕುಟುಂಬದ ಖನಿಜ.

ಚಂದ್ರಯಾನ-4ಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಚಂದ್ರನ ಕಲ್ಲು-ಮಣ್ಣನ್ನು ಇಲ್ಲಿಗೆ ಹೊತ್ತು ತರುವುದೇ ಅದರ ಕೆಲಸ.